ಮದುವೆ ಕ್ಯಾಸೆಟ್ಟಿನಿಂದ ವಿಸಿಡಿ: ನಡುವೆ ಮಿಕ್ಸರ್ ಹಚ್ಚಿದ ಮೇಲೆ ದಾರಿಗೆ ಬಂದದ್ದು

ಮೂರು ತಾಸಿನ ಮದುವೆ ಕ್ಯಾಸೆಟ್ಟನ್ನು ವಿಸಿಡಿಗೆ (ಚಿತ್ರ ಓಡಿಸುವ ಸಿಡಿಗೆ) ಇಳಿಸಿದರೆ ಅಕ್ಷತೆ ಬೀಳುವ ಹೊತ್ತಿಗೆ ಚಿತ್ರ ಚೌಕ ಚೌಕ ಒಡೆಯುತ್ತದೆ, ಅರ್ಧ ತಾಸು ದಾಟುವುದರೊಳಗೆ ಸ್ವಾಮಿಗಳ ತುಟಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ. 2000ದ ಆಸುಪಾಸಿನಲ್ಲಿ ಮದುವೆ ವಿಡಿಯೋ ಮಾಡುವ ಕಲಬುರಗಿಯ ನಮ್ಮ ಲೈನಿನ ಮಂದಿಯ ಬಾಯಲ್ಲಿ ಇದೇ ಮಾತು. ಸಿನಿಮಾದ ಎರಡು ಡಿಸ್ಕಿನ ವಿಸಿಡಿ ಆಗಲೇ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಚೀನಾದ ಅಗ್ಗದ ಪ್ಲೇಯರ್ ಸೇಡಂ, ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಿಗೂ ಹೊಕ್ಕಿತ್ತು. ರೀಲು ಸಿಕ್ಕಿಕೊಳ್ಳುವ ಚಿಂತೆಯಿಲ್ಲ, ರಿವೈಂಡ್ ಇಲ್ಲ, ಬೇಕಾದ ಹಾಡಿಗೆ ಒಂದೇ ಬಟನ್. ಅದನ್ನು ನೋಡಿದ ಗಿರಾಕಿ "ನಮ್ಮ ಮಗಳ ಮದುವಿದೂ ಹಂಗೇ ಸಿಡಿ ಮಾಡಿಕೊಡ್ರಿ" ಅಂದರೆ, "ಅದು ಫ್ಯಾಕ್ಟರಿ ಮಾಲು ರೀ ಕಾಕಾ, ನಮ್ಮ ಕ್ಯಾಸೆಟ್ ಅದರಾಗ ಕೂಡಂಗಿಲ್ಲ" ಅಂತ ಕಳಿಸುವುದು ರೂಢಿ.

ಕೂಡುತ್ತದೆ. ತುಟಿ ಮಾತು ಹೊಂದಿಕೊಂಡು, ಅಗ್ಗದ ಪ್ಲೇಯರಿನಲ್ಲೂ ನಿಲ್ಲದೆ ಓಡುವಂತೆ ಕೂಡುತ್ತದೆ. ಬೇಕಾದ ಮುಖ್ಯ ಪೆಟ್ಟಿಗೆ, ಎರಡು ಕಡೆಯ ಚಿತ್ರ ಬೆರೆಸುವ ವಿಡಿಯೋ ಮಿಕ್ಸರ್, ಆಗಲೇ ಎಲ್ಲ ಸ್ಟುಡಿಯೋದವರ ಮೇಜಿನ ಮೇಲೆ ಇತ್ತು. ಅದನ್ನು ಬರೀ ಹೃದಯದ ಆಕಾರದೊಳಗಿಂದ ಮುಂದಿನ ಚಿತ್ರ ತೆರೆಯುವ ವೈಪ್ ಹೊಡೆಯಲು ಬಳಸುತ್ತಿದ್ದೆವು, ಅಷ್ಟೇ.

ಮೊದಲು ಕುತ್ತಿಗೆ ಹಿಡಿಯುವ ಅಂಕಿಗಳು. ವಿಸಿಡಿಯ ನಿಯಮ 1993ರ ನಿಯಮಪುಸ್ತಕ ವೈಟ್ ಬುಕ್‌ನದು. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ಗೆ 352×288, ಸೆಕೆಂಡಿಗೆ 25 ಫ್ರೇಮ್, ಎಂಪೆಗ್-1 ಪದ್ಧತಿಯಲ್ಲಿ ಹಿಂಡಿದ ಚಿತ್ರಕ್ಕೆ ಸೆಕೆಂಡಿಗೆ 1150 ಕಿಲೋಬಿಟ್, ಲೇಯರ್-2 ಧ್ವನಿಗೆ 44.1 ಕಿಲೋಹರ್ಟ್ಸ್‌ನಲ್ಲಿ 224 ಕಿಲೋಬಿಟ್. ಇದು ಯಾರೋ ಸುಮ್ಮನೆ ಕೂತು ಇಟ್ಟ ಅಳತೆಯಲ್ಲ. ಸಿಡಿ ಒಂದನೇ ಸ್ಪೀಡಿನಲ್ಲಿ ಸೆಕೆಂಡಿಗೆ 75 ಸೆಕ್ಟರ್ (ಡಿಸ್ಕಿನ ಒಂದೊಂದು ತುಂಡು) ಓದುತ್ತದೆ. ವಿಸಿಡಿ ಸೆಕ್ಟರಿನಲ್ಲಿ 2324 ಬೈಟ್ ಹಿಡಿಯುತ್ತದೆ. ಗುಣಿಸಿದರೆ ಸುಮಾರು 1394 ಕಿಲೋಬಿಟ್. ಚಿತ್ರ, ಧ್ವನಿ, ಪ್ಯಾಕಿನ ತಲೆಬರಹ ಎಲ್ಲ ಅಷ್ಟರೊಳಗೇ ತೂರಬೇಕು. ಸಿನಿಮಾದ ಸ್ವಚ್ಛ ಪ್ರಿಂಟಿಗೆ ಇದು ಹೆಂಗೋ ಸಾಲುತ್ತದೆ. ನಮ್ಮ ಕ್ಯಾಸೆಟ್ಟಿನ ವಿಎಚ್‌ಎಸ್ ಟೇಪಿನಲ್ಲಿ ಮಾತ್ರ ಕಣ್ಣಿಗೆ ಕಾಣದ ಕಾಳು ಕಾಳು ಗದ್ದಲ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಇರುತ್ತದೆ. ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಎನ್‌ಕೋಡರ್ ಅದನ್ನೂ ಚಲನೆ ಎಂದೇ ಲೆಕ್ಕ ಹಿಡಿದು ಬಿಟ್ ಎಲ್ಲ ಅದಕ್ಕೇ ಸುರಿಯುತ್ತದೆ. ಮದುಮಗಳ ಮುಖಕ್ಕೆ ಬರುವ ಹೊತ್ತಿಗೆ ಚೀಲ ಖಾಲಿ. ಚೌಕ ಒಡೆಯುವ ಕಾರಣ ಇದು. ಬಿಟ್ ಹೆಚ್ಚಿಸಿ ಬಗೆಹರಿಸಲು ನೋಡಿದವರೆಲ್ಲ ಪ್ಲೇಯರ್ ನಿಲ್ಲಿಸಿಕೊಂಡು ಕೂತರು. ಒಂದನೇ ಸ್ಪೀಡಿನ ಯಂತ್ರ 1500, 1800 ಕಿಲೋಬಿಟ್ ಓದುವುದಾದರೂ ಎಲ್ಲಿಂದ?

ತುಟಿ ಮಾತಿನ ತ್ರಾಸು ಬೇರೆ. ವಿಸಿಆರ್‌ನಿಂದ ನೇರ ವೈರು ಕಂಪ್ಯೂಟರಿನಲ್ಲಿ ಚಿತ್ರ ಹಿಡಿಯುವ ಕ್ಯಾಪ್ಚರ್ ಕಾರ್ಡಿಗೆ ಹಚ್ಚಿದರೆ ಟೇಪಿನ ಸಿಂಕ್, ಅಂದರೆ ಫ್ರೇಮ್ ಬರುವ ತಾಳ, ಅಲುಗಾಡುತ್ತಲೇ ಇರುತ್ತದೆ. ಪ್ಯಾನಾಸೋನಿಕ್ ಎಂ-3000ದಂಥ ಹೆಗಲ ಕ್ಯಾಮೆರಾದಲ್ಲಿ ರೆಕಾರ್ಡ್ ನಿಲ್ಲಿಸಿ ಮತ್ತೆ ಒತ್ತಿದ ಪ್ರತಿ ಜಾಗದಲ್ಲೂ ಸಿಂಕ್ ಒಮ್ಮೆ ಜಿಗಿಯುತ್ತದೆ. ಹಳೇ ಟೇಪಾದರೆ ಸುಕ್ಕು, ಚಿತ್ರ ಚೂರು ಮಾಯವಾಗುವ ಡ್ರಾಪ್‌ಔಟ್. ಟಿವಿ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ, ಕಾರ್ಡ್ ಸಹಿಸುವುದಿಲ್ಲ. ಜಿಗಿದ ಕಡೆ ಒಂದು, ಎರಡು, ಕೆಲವೊಮ್ಮೆ ಹತ್ತಿಪ್ಪತ್ತು ಫ್ರೇಮ್ ಬಿಟ್ಟುಬಿಡುತ್ತದೆ. ಧ್ವನಿ ಮಾತ್ರ ಸೌಂಡ್ ಕಾರ್ಡಿನ ಲೈನ್-ಇನ್‌ನಲ್ಲಿ ಪೂರಾ ಬರುತ್ತದೆ. ತಾಸಿನ ಕೊನೆಗೆ ಚಿತ್ರ ಗಿಡ್ಡ, ಧ್ವನಿ ಉದ್ದ.

ಇಲ್ಲೇ ಮಿಕ್ಸರ್ ಬರಬೇಕು. ಪ್ಯಾನಾಸೋನಿಕ್ ಎಂಎಕ್ಸ್-50, ಎವಿಇ-5 ತರಹದ ಡಿಜಿಟಲ್ ಮಿಕ್ಸರುಗಳ ಒಳಗೆ ಫ್ರೇಮ್ ಸಿಂಕ್ರೊನೈಜರ್ ಇರುತ್ತದೆ. ಎರಡು ವಿಸಿಆರ್‌ಗಳ ಚಿತ್ರವನ್ನು ಒಂದರ ಮೇಲೊಂದು ಬೆರೆಸಬೇಕಾದರೆ ಎರಡನ್ನೂ ಒಂದೇ ತಾಳಕ್ಕೆ ತರಲೇಬೇಕು, ಅದಕ್ಕಾಗಿ ಕಂಪನಿಯವರು ಇಟ್ಟದ್ದು. ಒಳಗೆ ಬಂದ ಚಿತ್ರವನ್ನು ಮೆಮೊರಿಗೆ ತುಂಬಿ, ತನ್ನದೇ ಹೊಸ ಸಿಂಕ್ ಹಚ್ಚಿ ಹೊರಗೆ ಬಿಡುತ್ತದೆ. ವಿಸಿಆರ್ ಔಟ್ ಮಿಕ್ಸರಿನ ಒಂದನೇ ಸೋರ್ಸಿಗೆ, ಮಿಕ್ಸರಿನ ಪ್ರೋಗ್ರಾಂ ಔಟ್ ಕ್ಯಾಪ್ಚರ್ ಕಾರ್ಡಿಗೆ. ಫೇಡರ್ ಪೂರಾ ಒಂದೇ ಕಡೆ ಒರಗಿಸಿ ಇಡಬೇಕು, ನಡುವೆ ಇದ್ದರೆ ಕಪ್ಪು ಬೆರೆತು ಚಿತ್ರ ಮಸುಕಾಗುತ್ತದೆ. ಟೇಪಿನಲ್ಲಿ ಜಿಗಿತ ಬಂದಾಗ ಮಿಕ್ಸರ್ ಹಿಂದಿನ ಚಿತ್ರವನ್ನೇ ಒಂದು ಕ್ಷಣ ಹಿಡಿದು ನಿಲ್ಲುತ್ತದೆ. ಕಾರ್ಡಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಬಿಟ್ಟ ಫ್ರೇಮಿನ ಲೆಕ್ಕ ನೂರಾರರಿಂದ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುವುದು ಇದೊಂದೇ ಬದಲಾವಣೆಯಿಂದ. ಚಿತ್ರ ಒಂದು ಕೂದಲೆಳೆ ಮೆತ್ತಗಾಗುತ್ತದೆ. 288 ಗೆರೆಗೆ ಇಳಿಸುವ ಮಾಲಿಗೆ ಅದು ಲೆಕ್ಕಕ್ಕಿಲ್ಲ, ಗದ್ದಲ ಸ್ವಲ್ಪ ತಗ್ಗಿ ಒಳ್ಳೆಯದೇ ಆಗುತ್ತದೆ.

ವಿಸಿಆರ್ ತಯಾರಿಯಲ್ಲಿ ಮಂದಿ ಅವಸರ ಮಾಡುತ್ತಾರೆ. ಒಳಗೆ ತಿರುಗುವ ಡ್ರಮ್ಮಿನ ಮೇಲಿನ, ಟೇಪು ಓದುವ ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಗಟ್ಟಿ ಬಿಳಿ ಕಾಗದ ಅಥವಾ ಚಾಮೋಯಿಸ್. ಕಾಗದ ಅಲುಗಾಡದಂತೆ ಒತ್ತಿ ಹಿಡಿದು ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಕೆಳಗೆ ಮೇಲೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿಯ ಕಡ್ಡಿ ಡ್ರಮ್ಮಿಗೆ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಟೇಪು ಎಳೆಯುವ ಪಿಂಚ್ ರೋಲರಿಗೆ, ಆಡಿಯೋ ಹೆಡ್ಡಿಗೆ ನಡೆಯುತ್ತದೆ. ನಮ್ಮ ಕಡೆ ಬೂಸಿಗಿಂತ ಎರೆಮಣ್ಣಿನ ಧೂಳು ಜಾಸ್ತಿ. ಹಳ್ಳಿಯಿಂದ ಬಂದ ಕ್ಯಾಸೆಟ್ಟನ್ನು ಒಮ್ಮೆ ಕೊನೆತನಕ ಓಡಿಸಿ ರಿವೈಂಡ್ ಮಾಡಿದ ಮೇಲೇ ಕ್ಯಾಪ್ಚರಿಗೆ ಕೂಡಿಸಬೇಕು. ಬೇಸಿಗೆಯಲ್ಲಿ ಕೂಲರ್ ಗಾಳಿ ನೇರ ವಿಸಿಆರ್ ಮೇಲೆ ಬಿಡಬೇಡಿ. 42 ಡಿಗ್ರಿ ಬಿಸಿಲಿನಿಂದ ತಂದ ಕ್ಯಾಸೆಟ್ಟು, ತಂಪು ತೇವದ ಗಾಳಿಯಲ್ಲಿ ನಿಂತ ಡ್ರಮ್ಮು: ಎರಡೂ ಕೂಡಿದರೆ ಟೇಪು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ತೇವ ಗುರುತಿಸುವ ಡ್ಯೂ ಸೆನ್ಸರ್ ಇರುವ ಯಂತ್ರವಾದರೆ ತಾನೇ ನಿಂತು ಉಳಿಸುತ್ತದೆ, ಇಲ್ಲದಿದ್ದರೆ ಗಿರಾಕಿಯ ಅಕ್ಷತೆ ಹೋಯಿತು.

ಧ್ವನಿ ಮಂದವಾಗಿ, ಬಾಯಿಗೆ ಬಟ್ಟೆ ಕಟ್ಟಿದಂತೆ ಬಂದರೆ ಫಿಲ್ಟರ್ ಹುಡುಕಬೇಡಿ. ಹೆಗಲ ಕ್ಯಾಮೆರಾದ ಆಡಿಯೋ ಹೆಡ್ಡಿನ ಓರೆ ಒಂದು, ನಿಮ್ಮ ವಿಸಿಆರ್‌ನದು ಇನ್ನೊಂದು. ಆಡಿಯೋ ಹೆಡ್ಡಿನ ಪಕ್ಕದ, ಆ ಓರೆ ತಿದ್ದುವ ಅಜಿಮತ್ ಸ್ಕ್ರೂಗೆ ಮೊದಲು ಮಾರ್ಕರಿನಿಂದ ಗುರುತು ಮಾಡಿ, ಟೇಪು ಓಡುತ್ತಿರುವಾಗ ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ ಕೇಳಿ. ಶಹನಾಯಿಯ ಚೂಪು ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಗುರುತಿಗೆ ವಾಪಸ್. ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಬಂದರೆ ವಿಸಿಆರ್‌ನಿಂದ ಕೇಬಲ್ ಟಿವಿಯ ವೈರು ಕಿತ್ತು ನೋಡಿ, ಬಹಳ ಸಲ ಅದರಲ್ಲೇ ಹೋಗುತ್ತದೆ.

ಕಂಪ್ಯೂಟರಿನದು ವಿಂಡೋಸ್ 98ರ ಕಾಲದ ಮಾತು, ಇವತ್ತಿನವರಿಗೆ ನಗು ಬರಬಹುದು. ಪೆಂಟಿಯಂ-3, 128 ಎಂಬಿ ರ್‍ಯಾಮ್, ಕ್ಯಾಪ್ಚರಿಗೇ ಬೇರೆ ಇಟ್ಟ 20 ಜಿಬಿ ಹಾರ್ಡ್ ಡಿಸ್ಕ್, ಪಿನ್ಯಾಕಲ್ ಡಿಸಿ-10 ಕಾರ್ಡು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿಗೆ ವೇಗ ಕೊಡುವ ಡಿಎಂಎ ಟಿಕ್ ಹಾಕಿಲ್ಲದಿದ್ದರೆ ಮಿಕ್ಸರ್ ಹಚ್ಚಿಯೂ ಫ್ರೇಮ್ ಬೀಳುತ್ತವೆ, ವಿಂಡೋಸ್ 98 ತಾನಾಗಿ ಅದನ್ನು ಹಾಕುವುದಿಲ್ಲ. ಸ್ಕ್ರೀನ್ ಸೇವರ್, ಆಂಟಿವೈರಸ್ ಬಂದ್. ಕ್ಯಾಪ್ಚರ್ ಅರ್ಧ ಗಾತ್ರದಲ್ಲಿ, 352×288. ಪೂರಾ 576 ಗೆರೆ ಹಿಡಿದು ಆಮೇಲೆ ಕುಗ್ಗಿಸಿದರೆ ಚಲೋ ಬರುತ್ತದೆ ಅನ್ನುವವರಿದ್ದಾರೆ. ನಿಂತ ಚಿತ್ರಕ್ಕೆ ಅದು ಖರೆ. ಮೆರವಣಿಗೆಯ ಕುಣಿತದಲ್ಲಿ ಎರಡು ಫೀಲ್ಡ್ (ಒಂದು ಫ್ರೇಮಿನ ಬೆಸ ಗೆರೆಗಳ ಅರ್ಧ, ಸಮ ಗೆರೆಗಳ ಅರ್ಧ) ಬೆರೆತು ಬಾಚಣಿಕೆಯಂತೆ ಗೆರೆ ಏಳುತ್ತದೆ, ಅರ್ಧ ಗಾತ್ರದಲ್ಲಿ ಒಂದೇ ಫೀಲ್ಡ್ ಬರುವುದರಿಂದ ಆ ಕಾಟವೇ ಇಲ್ಲ. ಕಾರ್ಡು ಚಿತ್ರ ಹಿಡಿಯುವ ಮೋಷನ್ ಜೆಪೆಗ್ ಸೆಕೆಂಡಿಗೆ 1.2 ಎಂಬಿ ಹತ್ತಿರ ಇಟ್ಟರೆ ಮೂರು ತಾಸಿಗೆ 13 ಜಿಬಿ. ಎವಿಐ ಫೈಲು 2 ಜಿಬಿ ದಾಟಿದರೆ ಕೆಡುತ್ತಿತ್ತು, ಹಾಗಾಗಿ 25 ನಿಮಿಷಕ್ಕೊಂದು ತುಂಡು. ಸಂಜೆ ವೋಲ್ಟೇಜ್ 170-180ಕ್ಕೆ ಬೀಳುವ ದಿನಗಳಲ್ಲಿ ಕ್ಯಾಪ್ಚರ್ ಬೆಳಗಿನ ಜಾವ ಮಾಡುವುದೇ ಪಾಡು. ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಹಚ್ಚಿ ವಿಸಿಆರ್, ಮಿಕ್ಸರ್ ಬಿಟ್ಟರೆ ಏನೂ ಉಪಯೋಗವಿಲ್ಲ.

ಫ್ರೇಮ್ ಬೀಳದಿದ್ದರೂ ಧ್ವನಿ ತುಸು ಜಾರುತ್ತದೆ. ಡಿಸಿ-10ರಲ್ಲಿ ಆಡಿಯೋ ಇಲ್ಲ. ಚಿತ್ರದ ಗಡಿಯಾರ ಮಿಕ್ಸರಿನದು, ಧ್ವನಿಯ ಗಡಿಯಾರ ಸೌಂಡ್ ಕಾರ್ಡಿನದು. 44,100 ಎಂದು ಬರೆದ ಅಗ್ಗದ ಕಾರ್ಡು ನಿಜವಾಗಿ 44,080ರಲ್ಲಿ ಓಡುತ್ತಿದ್ದರೆ ತಾಸಿಗೆ ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಜಾರುತ್ತದೆ. ವಿಡಿಯೋ ತಿದ್ದುವ ಸಾಫ್ಟ್‌ವೇರ್ ವರ್ಚುವಲ್‌ಡಬ್‌ನಲ್ಲಿ ಧ್ವನಿಯ ಉದ್ದಕ್ಕೆ ತಕ್ಕಂತೆ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ, ಅದನ್ನು ಮುಟ್ಟಬೇಡಿ. ಫ್ರೇಮ್ ರೇಟ್ 25ಕ್ಕಿಂತ ಒಂದು ಕೂದಲು ಆಚೀಚೆ ಆದರೂ ವಿಸಿಡಿ ನಿಯಮ ತಪ್ಪುತ್ತದೆ. ಧ್ವನಿಯನ್ನೇ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ತುಂಡಿನ ಮೊದಲಲ್ಲಿ ಒಂದು ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು ಹುಡುಕಿ: ಗಟ್ಟಿಮೇಳದ ಡೋಲು ಇದಕ್ಕೆ ಬಂಗಾರ, ಕೋಲು ತಾಗುವ ಫ್ರೇಮ್ ಕಣ್ಣಿಗೆ ಕಾಣುತ್ತದೆ. ಎರಡೂ ಕಡೆಯ ವ್ಯತ್ಯಾಸ ಬರೆದುಕೊಂಡು ಧ್ವನಿ ತಿದ್ದುವ ಸಾಫ್ಟ್‌ವೇರ್ ಕೂಲ್ ಎಡಿಟ್‌ನಲ್ಲಿ ಅಷ್ಟಕ್ಕೆ ರಿಸ್ಯಾಂಪಲ್. ಒಂದು ಸೌಂಡ್ ಕಾರ್ಡಿಗೆ ಒಮ್ಮೆ ಲೆಕ್ಕ ಹಿಡಿದರೆ ಸಾಕು, ಅದೇ ಅಂಕಿ ಮುಂದೆಲ್ಲ ನಡೆಯುತ್ತದೆ. ಬೋರ್ಡಿನಲ್ಲೇ ಬರುವ ಎಸಿ-97 ಸೌಂಡ್ ಆಗಿದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಹಿಡಿದು ಆಮೇಲೆ 44.1ಕ್ಕೆ ಇಳಿಸಿ. ಅದರ ಸ್ವಂತ ಗಡಿಯಾರ 48ರದ್ದು, 44.1 ಕೇಳಿದರೆ ಒಳಗೇ ಹರಕುಮುರುಕಾಗಿ ಬದಲಿಸುತ್ತದೆ.

ಎನ್‌ಕೋಡ್ ಟಿಎಂಪಿಜಿಎಂಕ್ ಎಂಬ ಸಾಫ್ಟ್‌ವೇರಿನಲ್ಲಿ, ಪಾಲ್ ವಿಸಿಡಿ ಟೆಂಪ್ಲೇಟ್ ಹಾಕಿ. ಅದರ ಮುಂಚೆ ಮೂರು ಕೆಲಸ. ಒಂದು, ಚಿತ್ರದ ಅಡಿಯಲ್ಲಿ ಹೆಡ್ ಬದಲಾಗುವ ಜಾಗದ ಹರಿದ ಗೆರೆಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚುವುದು. ಟಿವಿಯಲ್ಲಿ ಅದು ಕಾಣುವುದೇ ಇಲ್ಲ, ಆದರೆ ಎನ್‌ಕೋಡರ್ ಅದಕ್ಕೂ ಬಿಟ್ ಸುರಿಯುತ್ತದೆ. ಪಟ್ಟಿಯ ಎತ್ತರ 8 ಅಥವಾ 16 ಗೆರೆ ಇರಲಿ, ಎಂಪೆಗ್ ಲೆಕ್ಕ ಹಾಕುವುದೇ 16ರ ಚೌಕದಲ್ಲಿ, ಅದರೊಳಗೆ 8ರ ತುಂಡು. ಎರಡು, ಕಾಲದ ಉದ್ದಕ್ಕೆ ಗದ್ದಲ ಒರೆಸುವ ಫಿಲ್ಟರ್. ವರ್ಚುವಲ್‌ಡಬ್‌ನ ಟೆಂಪೊರಲ್ ಸ್ಮೂದರ್ ಕಡಿಮೆಯಲ್ಲಿ, 2ರಿಂದ 4ರೊಳಗೆ. ಇನ್ನೂ ಏರಿಸಿದರೆ ಓಡಾಡುವವರ ಹಿಂದೆ ನೆರಳು ಎಳೆಯುತ್ತದೆ. ಟಿಎಂಪಿಜಿಎಂಕ್ ಒಳಗಿನ ಗದ್ದಲದ ಫಿಲ್ಟರಿಗೆ ನಾನು ಇಡುವ ಅಂಕಿ ಇಲ್ಲಿ ಬರೆಯುವುದಿಲ್ಲ, ಅದರ ಮೇಲೆ ಇವತ್ತಿಗೂ ನಾಲ್ಕು ರೊಕ್ಕ ಬರುತ್ತದೆ. ಮೂರು, ಕೆಂಪು. ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಬಹಳ ಕಡಿಮೆ, ಕೆಂಪು ಇಳಕಲ್ ಸೀರೆ ಅಂಚು ದಾಟಿ ಪಕ್ಕದವರ ಮೇಲೆ ಹರಿಯುತ್ತದೆ. ಮಿಕ್ಸರಿನ ಕಲರ್ ಕರೆಕ್ಟರಿನಲ್ಲೇ ಬಣ್ಣವನ್ನು ತುಸು ತಗ್ಗಿಸಿ. ಎನ್‌ಕೋಡ್ ಆದ ಮೇಲೆ ಏನು ಮಾಡಿದರೂ ಬರುವುದಿಲ್ಲ.

ಅಕ್ಷತೆಯ ಎರಡು ಮೂರು ನಿಮಿಷವೇ ಕಷ್ಟದ ಜಾಗ. ನೂರಾರು ಕಾಳು ಹಾರುತ್ತವೆ, ಜತೆಗೆ ಫೋಟೋದವರ ಫ್ಲಾಶ್. ಪ್ರತಿ ಫ್ಲಾಶ್ ಎನ್‌ಕೋಡರಿಗೆ ಹೊಸ ಸೀನ್. ಆ ತುಂಡನ್ನು ಬೇರೆ ಮಾಡಿ ಫಿಲ್ಟರ್ ಹೆಚ್ಚಿಸಿ, ಚೂಪು ತಗ್ಗಿಸಿ, ಚಲನೆ ಹುಡುಕುವ ಮೋಷನ್ ಸರ್ಚ್ ಅತಿ ನಿಧಾನದಲ್ಲಿ ಇಟ್ಟು ಎನ್‌ಕೋಡ್ ಮಾಡಿದರೆ ಚೌಕ ಒಡೆಯುವ ಬದಲು ಚಿತ್ರ ಸ್ವಲ್ಪ ಮಂಜಾಗುತ್ತದೆ, ಅಷ್ಟೇ. ಮಂಜನ್ನು ಯಾವ ಗಿರಾಕಿಯೂ ಕೇಳುವುದಿಲ್ಲ, ಚೌಕವನ್ನು ಎಲ್ಲರೂ ಕೇಳುತ್ತಾರೆ. ಸೀನಿಂದ ಸೀನಿಗೆ ನೇರ ಕಟ್ ಇಟ್ಟರೆ ಬಿಟ್ ಉಳಿಯುತ್ತದೆ. ಕರಗುವ ಎಫೆಕ್ಟು, ಹೃದಯ, ನಕ್ಷತ್ರ ಎಲ್ಲ ಬಿಟ್ ತಿನ್ನುವ ಹೊಟ್ಟೆಬಾಕರು. ಆದರೂ ಹೃದಯದೊಳಗೆ ಮದುಮಗಳ ಮುಖ ಇಲ್ಲದಿದ್ದರೆ ರೊಕ್ಕ ಕೈಗೆ ಬರುವುದಿಲ್ಲ, ಅದಕ್ಕೆ ಒಂದೆರಡು ಕಡೆ ಇರಲಿ. ಫಿಲ್ಟರ್ ಸಮೇತ ಒಂದು ತಾಸಿನ ಮಾಲಿಗೆ ಆಗಿನ ಯಂತ್ರದಲ್ಲಿ ಎಂಟು ಹತ್ತು ತಾಸು ಹಿಡಿಯುತ್ತಿತ್ತು. ರಾತ್ರಿ ಹಚ್ಚಿ ಮಲಗುವ ಕೆಲಸ.

ಡಿಸ್ಕು ಬರೆಯುವುದು ನೀರೋ ಸಾಫ್ಟ್‌ವೇರಿನಲ್ಲಿ, ವಿಸಿಡಿ ಅಂತಲೇ ಆರಿಸಿ. ಎಂಪೆಗ್ ಫೈಲನ್ನು ಡೇಟಾ ಸಿಡಿಯಂತೆ ಬರೆದರೆ ಹಳೇ ಪ್ಲೇಯರ್ ತಿರುಗಿ ನೋಡುವುದಿಲ್ಲ. 650 ಎಂಬಿ ಡಿಸ್ಕಿನಲ್ಲಿ 740 ಎಂಬಿ ವಿಡಿಯೋ ಹೆಂಗ ಕೂಡಿತು ಅಂತ ಕೇಳುವವರಿಗೆ: ಡೇಟಾ ಸೆಕ್ಟರಿನಲ್ಲಿ 2048 ಬೈಟ್, ಉಳಿದದ್ದು ತಪ್ಪು ತಿದ್ದಲಿಕ್ಕೆ. ವಿಸಿಡಿಯಲ್ಲಿ ಆ ಜಾಗಕ್ಕೂ ಚಿತ್ರ ತುಂಬಿ 2324 ಮಾಡುತ್ತಾರೆ. ಹಾಗಾಗಿ ಗೀರು ಬಿದ್ದರೆ ಡೇಟಾ ಸಿಡಿಗಿಂತ ವಿಸಿಡಿ ಬೇಗ ತಡವರಿಸುತ್ತದೆ. 74 ನಿಮಿಷದ ಡಿಸ್ಕಾದರೂ 60-65ಕ್ಕೆ ನಿಲ್ಲಿಸಿ, ಅಗ್ಗದ ಪ್ಲೇಯರ್‌ಗಳು ಹೊರ ಅಂಚಿನಲ್ಲೇ ಸಿಕ್ಕಿ ಬೀಳುವುದು. ಮೂರು ತಾಸಿನ ಮಾಲನ್ನು ಕತ್ತರಿಸಿ ಎರಡು ಡಿಸ್ಕಿಗೆ ಇಳಿಸಬೇಕು: ದೇವರ ಕಾರ್ಯ, ಅರಿಶಿಣ, ಸುರಗಿ ಒಂದರಲ್ಲಿ. ಅಕ್ಷತೆ, ಆಯೇರಿ, ಮೆರವಣಿಗೆ ಇನ್ನೊಂದರಲ್ಲಿ. ಆಯೇರಿಯನ್ನು ಕತ್ತರಿಸುವಾಗ ಜೋಪಾನ, ಯಾವ ಬೀಗರು ಸೀರೆ ಕೊಟ್ಟದ್ದು ಬಿಟ್ಟರೂ ಜಗಳ ಸ್ಟುಡಿಯೋಕ್ಕೇ ಬರುತ್ತದೆ. ಪ್ರತಿ ಶಾಸ್ತ್ರಕ್ಕೂ ಒಂದು ಟ್ರ್ಯಾಕ್ ಮಾಡಿ, ರಿಮೋಟಿನ ನೆಕ್ಸ್ಟ್ ಒತ್ತಿದರೆ ನೇರ ಅಲ್ಲಿಗೆ ಹೋಗಬೇಕು. ಈ ಒಂದು ಬಟನ್ನಿಗೇ ಗಿರಾಕಿ ಮನಸೋತದ್ದು, ಚಿತ್ರದ ಗುಣಕ್ಕಲ್ಲ.

ಸ್ಪೀಡು 4ರಲ್ಲಿ ಇಟ್ಟರೆ 65 ನಿಮಿಷದ ಡಿಸ್ಕಿಗೆ ಹದಿನೇಳು ಹದಿನೆಂಟು ನಿಮಿಷ. ಬಫರ್ ಖಾಲಿಯಾದರೂ ಡಿಸ್ಕು ಉಳಿಸುವ ಬರ್ನ್-ಪ್ರೂಫ್ ಇಲ್ಲದ ಹಳೇ ರೈಟರ್ ಇದ್ದವರು ಆ ಹೊತ್ತಿನಲ್ಲಿ ಮೌಸ್ ಸಹ ಮುಟ್ಟಬಾರದು, ಬಫರ್ ಖಾಲಿಯಾದರೆ ಡಿಸ್ಕು ಕಸ. ಡಿಸ್ಕಿನ ಬಣ್ಣ ನೋಡಿ ಕೊಳ್ಳಿ. ನೀಲಿ-ಹಸಿರು ಸಯನೈನ್ ಬಣ್ಣದ್ದು ಬಿಸಿಲಿಗೆ ಬೇಗ ಸೋಲುತ್ತದೆ, ತಿಳಿ ಬಣ್ಣದ ಥಾಲೊಸಯನೈನ್, ಗಾಢ ನೀಲಿಯ ಅಜೋ ತಡೆಯುತ್ತವೆ. ಗುಲ್ಬರ್ಗದ ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟ ಡಿಸ್ಕು ಸೊಟ್ಟಗಾಗಿ ವಾಪಸ್ ಬರುತ್ತದೆ. ದಂಪತಿ ಫೋಟೋದ ಕಾಗದ ಅಂಟಿಸುವ ಚಾಳಿ ಬಿಡಿ: ಸೆಕೆಗೆ ಒಂದು ಅಂಚು ಏಳುತ್ತದೆ, ತೂಕ ತಪ್ಪುತ್ತದೆ, ಪ್ಲೇಯರಿನೊಳಗೆ ಸಿಕ್ಕಿಕೊಳ್ಳುತ್ತದೆ. ನಾವು ಬರೆಯುವ ಸಿಡಿ, ಅಂದರೆ ಸಿಡಿ-ಆರ್‌ನ ನಾಜೂಕಿನ ಕಡೆ ಮೇಲಿನದೇ, ಹೊಳೆಯುವ ಪದರದ ಮೇಲೆ ಬರೀ ತೆಳು ಲ್ಯಾಕರ್. ಬಾಲ್‌ಪೆನ್ನಿನಿಂದ ಹೆಸರು ಬರೆದರೆ ಅಲ್ಲೇ ಚಿತ್ರ ನಿಲ್ಲುತ್ತದೆ.

ಹಳೇ ಡಿವಿಡಿ ಪ್ಲೇಯರ್ ನಮ್ಮ ಡಿಸ್ಕು ಓದದಿದ್ದರೆ ತಪ್ಪು ಡಿಸ್ಕಿನದಲ್ಲ. ಡಿವಿಡಿಯ 650 ನ್ಯಾನೋಮೀಟರ್ ಲೇಸರಿಗೆ ಸಿಡಿ-ಆರ್‌ನ ಬಣ್ಣ ಬೆಳಕು ವಾಪಸ್ ಕೊಡುವುದಿಲ್ಲ. ವಿಸಿಡಿ ಪ್ಲೇಯರಿನದು 780, ಅದಕ್ಕೆ ಸಲೀಸು. ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯೂ ಮೇಲೆ ಬರೆದು ನೋಡಿದ್ದೂ ಆಯಿತು. ಹೊಳಪು ಕಾಲು ಭಾಗವೂ ಇಲ್ಲದ್ದಕ್ಕೆ ಹಳ್ಳಿಯ ಪ್ಲೇಯರ್ ಮುಖವೇ ತಿರುಗಿಸುತ್ತದೆ. ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಓದದ ಪ್ಲೇಯರಿನ ಲೇಸರಿನ ಚಿಕ್ಕ ಸ್ಕ್ರೂ ತಿರುಗಿಸಿ ಓದಿಸುವ ರಿಪೇರಿಯವರಿದ್ದಾರೆ. ಕರೆಂಟು ಏರಿದ ಲೇಸರ್ ಕೆಲ ತಿಂಗಳಲ್ಲಿ ಸುಟ್ಟು ಹೋಗುತ್ತದೆ, ಹೊಸ ಲೇಸರ್ ಯೂನಿಟ್, ಕೆಎಸ್‌ಎಸ್-213, ಹಾಕಿಸುವುದೇ ಲಾಭ.

ವಿಸಿಡಿಗಿಂತ ಚಂದದ ಚಿತ್ರದ ಎಸ್‌ವಿಸಿಡಿಯ ಹುಚ್ಚೂ ಒಂದು ಸೀಜನ್ ಹತ್ತಿತ್ತು. 480×576, ಎಂಪೆಗ್-2, ಬಿಟ್ 2600ರವರೆಗೆ, ಚಿತ್ರ ಕಣ್ಣು ಕುಕ್ಕುವಷ್ಟು ಚಂದ. ಡಿಸ್ಕಿಗೆ 35-40 ನಿಮಿಷ ಮಾತ್ರ ಹಿಡಿಯುತ್ತದೆ, ಒಂದು ಮದುವೆಗೆ ನಾಲ್ಕೈದು ಡಿಸ್ಕು. ಅದಕ್ಕಿಂತ ಹೆಚ್ಚಾಗಿ, ಊರಿನ ಹತ್ತು ಪ್ಲೇಯರಿನಲ್ಲಿ ಎರಡೋ ಮೂರೋ ಓದುತ್ತಿದ್ದವು. ನಗರದ ಡಾಕ್ಟರ್, ಎಂಜಿನಿಯರ್ ಮನೆಗಳಿಗೆ ಮಾತ್ರ ನಡೆಯಿತು.

ರೊಕ್ಕದ ಲೆಕ್ಕ ನೆನಪಿನಿಂದ. ಕಂಪ್ಯೂಟರಿಗೆ ನಲವತ್ತೈದು ಐವತ್ತು ಸಾವಿರ, ಕಾರ್ಡಿಗೆ ಎಂಟು ಹತ್ತು, ರೈಟರಿಗೆ ಹತ್ತಿರತ್ತಿರ ಅಷ್ಟೇ. ಮಾಲು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಯಲ್ಲಿ ಇಲ್ಲಿಗಿಂತ ಸಾವಿರ ಎರಡು ಸಾವಿರ ಕಡಿಮೆ ಇತ್ತು, ಆದರೆ ಕೆಟ್ಟರೆ ಹೊತ್ತುಕೊಂಡು ಹೋಗುವ ಖರ್ಚು ಸೇರಿಸಿ ನೋಡಬೇಕಿತ್ತು. ಮಿಕ್ಸರ್ ಆಗಲೇ ಇದ್ದದ್ದರಿಂದ ಅದರ ಖರ್ಚು ಸೊನ್ನೆ. ಖಾಲಿ ಡಿಸ್ಕು ಮೊದಲು ಐವತ್ತರ ಮೇಲೆ, ಎರಡು ಮೂರು ವರ್ಷದಲ್ಲಿ ಹದಿನೈದಕ್ಕೆ ಇಳಿಯಿತು. ಎರಡು ಡಿಸ್ಕಿನ ಮೊದಲ ಸೆಟ್ಟಿಗೆ 800ರಿಂದ 1000, ನಂತರದ ಪ್ರತಿ ಕಾಪಿಗೆ 200. ಗಳಿಕೆ ಇದ್ದದ್ದು ಕಾಪಿಯಲ್ಲಿ. ಕ್ಯಾಸೆಟ್ ಕಾಪಿಗೆ ಮೂರು ತಾಸು ಎರಡು ವಿಸಿಆರ್ ಸವೆಯಬೇಕು, ಪ್ರತಿ ಕಾಪಿಗೂ ಬಣ್ಣ ಇಳಿಯುತ್ತದೆ. ಡಿಸ್ಕಿನದು ಮೊದಲನೆಯದೂ ಇಪ್ಪತ್ತನೆಯದೂ ಒಂದೇ. ಬೀದರ, ಯಾದಗಿರಿ ಬೀಗರಿಗೆಲ್ಲ ಒಂದೊಂದು ಸೆಟ್ ಅಂದಾಗ ಆರ್ಡರ್ ಹತ್ತು ಹನ್ನೆರಡು ದಾಟುತ್ತಿತ್ತು. ಕೂಡಂಗಿಲ್ಲ ಅಂದಿದ್ದ ಮಂದಿಯೇ ಮುಂದೆ ತಮ್ಮ ಕ್ಯಾಸೆಟ್ ಚೀಲದಲ್ಲಿ ತುಂಬಿಕೊಂಡು ನಮ್ಮ ಕಡೆ ಜಾಬ್‌ವರ್ಕಿಗೆ ಬಂದರು. ಅವರಿಗೆ ರೇಟಿನಲ್ಲಿ ರಿಯಾಯಿತಿ ಕೊಟ್ಟೆ, ಫಿಲ್ಟರಿನ ಅಂಕಿ ಕೊಡಲಿಲ್ಲ.

ಈಗ ಅದೇ ವಿಸಿಡಿಗಳು ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ವಾಪಸ್ ಬರುತ್ತಿವೆ. ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲನ್ನು ವಿಂಡೋಸ್‌ನಲ್ಲಿ ನೇರ ಕಾಪಿ ಹಾಕಿದರೆ ಗೀರು ಇರುವ ಕಡೆ ನಿಂತುಬಿಡುತ್ತದೆ, ತಪ್ಪು ತಿದ್ದುವ ಬೈಟ್ ಅಲ್ಲಿ ಇಲ್ಲವಲ್ಲ. ಕೆಟ್ಟ ಡಿಸ್ಕಿನಿಂದ ಫೈಲು ಎಳೆಯುವ ಸಾಫ್ಟ್‌ವೇರ್ ಐಸೊಬಸ್ಟರ್‌ನಲ್ಲಿ ಕೆಟ್ಟ ಸೆಕ್ಟರ್ ಬಿಟ್ಟು ಮುಂದೆ ಹೋಗುವ ಆಯ್ಕೆ ಹಾಕಿ ಎಳೆದುಕೊಳ್ಳಿ, ಡ್ರೈವಿನ ಸ್ಪೀಡು ಕಡಿಮೆ ಇರಲಿ. ಬಂದ ಡ್ಯಾಟ್ ಫೈಲನ್ನು ವಿಸಿಡಿಗಿಯರ್‌ನಲ್ಲಿ ಎಂಪೆಗ್ ಮಾಡಿ ಹಾಗೇ ಕೊಡಿ, ಇನ್ನೊಮ್ಮೆ ಎನ್‌ಕೋಡ್ ಬೇಡ. ಒಂದು ಡ್ರೈವ್ ಓದದ ಡಿಸ್ಕನ್ನು ಬೇರೆ ಕಂಪನಿಯ ಡ್ರೈವ್ ಓದುವುದುಂಟು, ಅದಕ್ಕೆ ಹಳೇ ಎರಡು ಮೂರು ಡ್ರೈವ್ ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಮೂಲ ಕ್ಯಾಸೆಟ್ ಇನ್ನೂ ಮನೆಯಲ್ಲಿ ಇದ್ದರೆ ಡಿಸ್ಕು ಬಿಟ್ಟು ಅದನ್ನೇ ಕೇಳಿ ತರಿಸಿ: ಅದೇ ವಿಸಿಆರ್, ಅದೇ ಮಿಕ್ಸರ್, ಈ ಸಲ 720×576ರಲ್ಲಿ ಪೂರಾ ಎರಡೂ ಫೀಲ್ಡ್ ಹಿಡಿಯಬಹುದು. ತಾಸಿಗೆ 300 ತಗೊಳ್ಳುತ್ತಿದ್ದೇನೆ, ಬೂಸು ಹಿಡಿದ ಕ್ಯಾಸೆಟ್ಟಿಗೆ 500.